ಪ್ರೋಟೀನು ರಚನೆಯ ಅಭ್ಯಾಸಕ್ಕೆ ಒಂದು ಕಿರುಯೋಜನೆ

ತಲಕಾಡಿನ ಸೀಮೆಯಿಂದ ಬಂದ ನಮಗೆ ಹಿಪ್ಪುನೇರಳೆಯ ತೋಟವೂ ರೇಷ್ಮೆಗೂಡೂ ಹೊಸವಲ್ಲ. ತಿರುಮಕೂಡಲು ನರಸೀಪುರದಲ್ಲಿ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಯೇ ಉಂಟು. ಆ ನೂಲು ಒಂದು ಪ್ರೋಟೀನು ಎಂದು ತರಗತಿಯಲ್ಲಿ ಕೇಳಿದೊಡನೆ, ಯೋಜನೆಗೆ ಅದನ್ನೇ ಆರಿಸೋಣವೆಂದು ಆಸೆಪಡುವುದು ಸಹಜ. ಆದರೆ ಆಯ್ಕೆಗೆ ಆಸೆಯೊಂದೇ ಸಾಲದು.

ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಣಿ. ಈ ಸರಪಣಿ ಮಡಿಚಿಕೊಳ್ಳುವ ರೀತಿಯೇ ಅದರ ರಚನೆ. ರೇಷ್ಮೆಯ ಮುಖ್ಯ ಸರಪಣಿಯಲ್ಲಿ 5,000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ಕಳೆದ ವರ್ಷ ನಮ್ಮ ತಂಡ ರಕ್ತದ ಹಿಮೋಗ್ಲೋಬಿನನ್ನು ಆರಿಸಿತ್ತು. ಅದರಲ್ಲಿರುವುದು ನಾಲ್ಕು ಸರಪಣಿ, 574 ಅಮೈನೋ ಆಮ್ಲ. ಮೂರು ವಾರ ಬಣ್ಣಬಣ್ಣದ ಚಿತ್ರಗಳನ್ನು ತಿರುಗಿಸಿ ನೋಡಿದೆವು. ಒಪ್ಪಿಸುವ ದಿನ ಹೇಳಲು ಒಂದು ಮಾತೂ ಇರಲಿಲ್ಲ. “ಇದು ನಮ್ಮಂಥವರಿಗಲ್ಲ” ಎಂದು ಗೆಳೆಯನೊಬ್ಬ ಕೈಬಿಟ್ಟನು. ತಪ್ಪು ಅವನದಲ್ಲ, ನಮ್ಮ ಆಯ್ಕೆಯದು.

ಆದುದರಿಂದ ಈ ವರ್ಷದ ಮಿತ್ರರಿಗೆ ನನ್ನ ಸೂಚನೆ ಇದು: ಪ್ರೋಟೀನು ಚಿಕ್ಕದಿರಲಿ, ಪ್ರಶ್ನೆ ಒಂದೇ ಇರಲಿ.

ಸಾಸಿವೆಯ ಕುಟುಂಬಕ್ಕೆ ಸೇರಿದ ಗಿಡವೊಂದರ ಬೀಜದಲ್ಲಿ ಕ್ರ್ಯಾಂಬಿನ್ ಎಂಬ ಪ್ರೋಟೀನಿದೆ. ಅದರ ರಚನೆಯನ್ನು 1981ರಲ್ಲಿ ಹೆಂಡ್ರಿಕ್‌ಸನ್ ಮತ್ತು ಟೀಟರ್ ಪ್ರಕಟಿಸಿದರು. ಇದರಲ್ಲಿ ಒಂದೇ ಸರಪಣಿ, 46 ಅಮೈನೋ ಆಮ್ಲ, ಮೂರು ಗಂಧಕದ ಬಂಧ. ಇಷ್ಟರಲ್ಲೇ ಸುರುಳಿಯಾದ ಆಲ್ಫಾ ಭಾಗವೂ ಚಾಚಿಕೊಂಡ ಬೀಟಾ ಭಾಗವೂ ಇವೆ. 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ‘1ಸಿಆರ್‌ಎನ್’ ಎಂಬ ಗುರುತಿನಡಿ ಇದು ಉಚಿತವಾಗಿ ಸಿಗುತ್ತದೆ.

ಪ್ರಶ್ನೆ ಯಾವುದು? ಸರಪಣಿ ಪ್ರತಿಯೊಂದು ಕೊಂಡಿಯಲ್ಲೂ ಎರಡು ಕಡೆ ತಿರುಗಬಲ್ಲದು. ಆ ಎರಡು ಕೋನಗಳಿಗೆ ಫೈ, ಸೈ ಎಂದು ಹೆಸರು. ಪರಮಾಣುಗಳು ಒಂದಕ್ಕೊಂದು ತಾಕುವುದರಿಂದ ಎಲ್ಲ ಕೋನಗಳೂ ಸಾಧ್ಯವಿಲ್ಲ. ಸಾಧ್ಯವಾದವು ಯಾವುವೆಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಕೊಟ್ಟರು. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು. ಇಂದಿಗೂ ಜಗತ್ತಿನ ವಿಜ್ಞಾನಿಗಳು ಹೊಸ ರಚನೆಯನ್ನು ಈ ನಕ್ಷೆಗೆ ಒರೆಹಚ್ಚಿ ನೋಡುತ್ತಾರೆ.

ಕೆಲಸ ಹೀಗೆ ಸಾಗಲಿ. ಗಣಕಯಂತ್ರ ಕೋನಗಳನ್ನು ಲೆಕ್ಕಮಾಡಿ ಕೊಡಲಿ. ಚುಕ್ಕಿಯನ್ನು ಮಾತ್ರ ಗ್ರಾಫ್ ಹಾಳೆಯ ಮೇಲೆ ನಾವೇ ಇಡೋಣ. ಮೊದಲನೆಯದಕ್ಕೆ ಫೈ ಇಲ್ಲ, ಕೊನೆಯದಕ್ಕೆ ಸೈ ಇಲ್ಲ. ಉಳಿಯುವುದು 44 ಚುಕ್ಕಿ. ಫೈ -60, ಸೈ -45 ಡಿಗ್ರಿಗಳ ಸುತ್ತ ಗುಂಪುಗೂಡಿದವು ಆಲ್ಫಾ ಸುರುಳಿಯವು. -120, +130ರ ಸುತ್ತಿನವು ಬೀಟಾ. ಇದರಲ್ಲಿ ನಾಲ್ಕು ಗ್ಲೈಸೀನ್‌ಗಳಿವೆ (20, 31, 37, 42). ಅವನ್ನು ಕೆಂಪು ಶಾಯಿಯಿಂದ ಗುರುತಿಸಿ. ಗ್ಲೈಸೀನಿನ ಪಕ್ಕದ ಕೊಂಬೆ ಒಂದೇ ಜಲಜನಕ ಪರಮಾಣು. ಆದುದರಿಂದ ಮಿಕ್ಕವು ಹೋಗಲಾರದ ಕಡೆಗೂ ಅದು ಹೋಗಬಲ್ಲದು. ಕ್ರ್ಯಾಂಬಿನ್‌ನಲ್ಲಿ ಹಾಗೆ ಹೋಗಿದೆಯೆ? ನಮ್ಮ ಪ್ರಶ್ನೆ ಇಷ್ಟೆ. ನಾಲ್ವರ ತಂಡಕ್ಕೆ ತಲೆಗೆ ಹನ್ನೊಂದು ಚುಕ್ಕಿ; ಎರಡು ವಾರ ಸಾಕು.

ಉತ್ತರ ಕೈಗೆ ಬಂದ ಮೇಲೆ ರೇಷ್ಮೆಗೆ ಹಿಂತಿರುಗೋಣ. ಅದರಲ್ಲಿ ಗ್ಲೈಸೀನ್, ಅಲನೀನ್ ಮತ್ತೆ ಮತ್ತೆ ಬಂದು, ಸರಪಣಿಗಳು ಬೀಟಾ ಹಾಳೆಗಳಾಗಿ ಒತ್ತೊತ್ತಾಗಿ ಅಡಕಗೊಂಡಿವೆ. ನೂಲಿನ ಬಲ ಅಲ್ಲಿಯದು. 44 ಚುಕ್ಕಿ ಇಟ್ಟು ನೋಡಿದವನಿಗೆ ಈ ಮಾತು ಬಾಯಿಪಾಠವಾಗಿ ಉಳಿಯದು, ಅರ್ಥವಾಗುವುದು.