ಸ್ಥಾವರವಾದ ಮನೆ, ಜಂಗಮವಾದ ನೆನಪು

ವಚನಗಳ ಅಭ್ಯಾಸದಲ್ಲಿ ತೊಡಗಿದವರಿಗೆ ಸ್ಥಾವರ, ಜಂಗಮ ಎಂಬ ಶಬ್ದಗಳು ಮೊದಲ ದಿನದಿಂದಲೇ ಪರಿಚಿತವಾಗುತ್ತವೆ. ನೆಲೆನಿಂತುದು ಸ್ಥಾವರ, ನಡೆದಾಡುವುದು ಜಂಗಮ ಎಂಬ ಅರ್ಥವನ್ನು ಹೇಳಿ, ಕಲ್ಲಿನ ದೇಗುಲಕ್ಕಿಂತ ಭಕ್ತನ ದೇಹವೇ ಮಿಗಿಲೆಂದು ಬಸವಣ್ಣನವರು ಸಾರಿದರೆಂದು ವಿವರಿಸುವುದು ರೂಢಿ. ಈ ವಿವರಣೆ ಸರಿಯಾದುದೇ. ಆದರೆ ಮನುಷ್ಯನು ತನ್ನ ಆಯುಷ್ಯದಲ್ಲಿ ಮೊಟ್ಟಮೊದಲು ಕಾಣುವ ಸ್ಥಾವರವು ದೇಗುಲವಲ್ಲ. ತಾನು ಹುಟ್ಟಿ ಬೆಳೆದ ಮನೆ. ಅದರ ಹೊಸ್ತಿಲನ್ನು ಕೊನೆಯ ಸಲ ದಾಟಬೇಕಾಗಿ ಬಂದವನಿಗೆ ಈ ಉಪದೇಶವು ಏನನ್ನು ಹೇಳುತ್ತದೆ? ಅಲ್ಲಿ ಉಂಡ ಸುಖವನ್ನು ಮಾತ್ರವಲ್ಲದೆ ಪಟ್ಟ ನೋವನ್ನೂ ಹೊತ್ತು ಹೊರಟವನಿಗೆ ಏನನ್ನು ಹೇಳುತ್ತದೆ? ಪುಸ್ತಕದ ಪ್ರಶ್ನೆಯಂತೆ ತೋರುವ ಇದನ್ನು ಮಂಗಳೂರಿನ ಬಳಿಯ ಬಜಪೆಯ ಸೀಮೆಯಲ್ಲಿಟ್ಟು ನೋಡಿದರೆ ಅದರ ಭಾರವು ತಿಳಿಯುತ್ತದೆ.

ಬಜಪೆಯು ಕೆಂಪುಕಲ್ಲಿನ ಪದವುಗಳ ನಾಡು. ಪದವಿನ ಮೇಲೆ ಹುಲ್ಲು, ಗೇರು; ಇಳಿದರೆ ಬೈಲಿನಲ್ಲಿ ಗದ್ದೆ, ತೆಂಗು, ಕಂಗು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ವಿಮಾನದಿಂದ ಬಂದಿಳಿದಾಗ ಇಲ್ಲಿಯ ವಿಮಾನ ನಿಲ್ದಾಣವು ತೆರೆಯಿತು. ಅನಂತರ ದೊಡ್ಡ ಕೆಲಸಗಳು ಒಂದರ ಹಿಂದೊಂದು ಈ ಕರಾವಳಿಯನ್ನು ಹುಡುಕಿಕೊಂಡು ಬಂದವು. ನವಮಂಗಳೂರು ಬಂದರಿಗಾಗಿ ಪಣಂಬೂರಿನ ಸುತ್ತಲಿನ ಕುಟುಂಬಗಳು ಎದ್ದು ಕಾಟಿಪಳ್ಳ, ಕೃಷ್ಣಾಪುರಗಳ ಹೊಸ ನಿವೇಶನಗಳಿಗೆ ಹೋದವು. ಆ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1988ರಲ್ಲಿ ಸ್ಥಾಪಿತವಾದ ತೈಲಶುದ್ಧೀಕರಣ ಸಂಸ್ಥೆಗಾಗಿ ಕುತ್ತೆತ್ತೂರು ಕಡೆಯ ಮನೆಗಳು ಎದ್ದವು; ಅವರಲ್ಲಿ ಅನೇಕರಿಗೆ ಚೇಳಾರಿನಲ್ಲಿ ನೆಲೆ ದೊರೆಯಿತು. 2006ರ ಬಳಿಕ ಮಂಗಳೂರು ವಿಶೇಷ ಆರ್ಥಿಕ ವಲಯದ ಹೆಸರಿನಲ್ಲಿ ಬಜಪೆ, ಪೆರ್ಮುದೆ, ಕಳವಾರುಗಳ ಸರದಿ ಬಂದಿತು. ಮೊದಲ ಹಂತದಲ್ಲಿ ಸುಮಾರು 1800 ಎಕರೆ ನೆಲ. ಎರಡನೆಯ ಹಂತಕ್ಕೆಂದು ಗುರುತಿಸಿದ ಇನ್ನೂ ಎರಡು ಸಾವಿರ ಎಕರೆಯಷ್ಟು ಭೂಮಿಯನ್ನು ರೈತರ ದೀರ್ಘವಾದ ಪ್ರತಿಭಟನೆಯ ತರುವಾಯ 2011ರಲ್ಲಿ ಸರಕಾರವು ಕೈಬಿಟ್ಟಿತು. ಆ ಹೋರಾಟಕ್ಕೆ ಪೇಜಾವರದ ವಿಶ್ವೇಶತೀರ್ಥ ಸ್ವಾಮಿಗಳೂ ಬೆಂಬಲವಿತ್ತಿದ್ದರು.

ಹೀಗೆ ಇಸವಿ ಎಕರೆಗಳ ಲೆಕ್ಕವನ್ನು ಹೇಳಿ ಮುಗಿಸುವುದು ಸುಲಭ. ಬಿಟ್ಟುಹೋದ ಮನೆಯೆಂದರೆ ಏನೆಂಬುದು ಈ ಲೆಕ್ಕದಲ್ಲಿ ಬರುವುದಿಲ್ಲ. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಜಗಲಿ, ಅಂಗಳ, ಹಟ್ಟಿ, ಬಾವಿ, ಮನೆಯ ಮುಂದಿನ ಬಾಕಿಮಾರು ಗದ್ದೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಹೆಸರಿನಲ್ಲಿಯೇ ವರ್ಷವನ್ನು ಎಣಿಸುತ್ತಿದ್ದ ಬಾಳು. ಹಿತ್ತಿಲ ಅಂಚಿನಲ್ಲಿ ನಾಗಬನ, ಒಳಗೆ ದೈವದ ಮಂಚ. ದೂರದ ಊರುಗಳಲ್ಲಿರುವ ಓದುಗರು ಇದನ್ನು ಸುಂದರವಾದ ಚಿತ್ರವೆಂದು ಭಾವಿಸಬಹುದು. ಆದರೆ ಅಂಥ ಮನೆಗಳಲ್ಲಿ ಬಾಲ್ಯವನ್ನು ಕಳೆದವರ ನೆನಪು ಸುಂದರವಾದುದು ಮಾತ್ರವಲ್ಲ.

ಈ ಜಿಲ್ಲೆಯಲ್ಲಿ ಬಹುಮಂದಿ ಒಕ್ಕಲುಗಳು ತಲೆಮಾರುಗಳಿಂದ ಗೇಣಿಯ ಮೇಲೆ ದುಡಿದವರು. ಬೆಳೆದ ಭತ್ತವನ್ನು ಅಕ್ಕಿ ಮಾಡಿ, ಹುಲ್ಲಿನ ಮುಡಿ ಕಟ್ಟಿ, ಒಡೆಯರ ಚಾವಡಿಗೆ ಹೊತ್ತು ಹಾಕಬೇಕು. ಮಳೆ ಕೆಟ್ಟ ವರ್ಷವೂ ಹಾಕಬೇಕು. ತಂದೆಯು ಅಂಗಳದ ಕೆಳಗೆ ಕೈಕಟ್ಟಿ ನಿಂತುದನ್ನು ಕಂಡ ಮಗು ಅದನ್ನು ಎಂದಿಗೂ ಮರೆಯುವುದಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಆ ನೆಲವನ್ನು ಉಳುವವನದಾಗಿ ಮಾಡಿತು. ಹಾಗೆ ದೊರೆತ ನೆಲವನ್ನು ಬಿಟ್ಟೇಳಬೇಕೆಂಬ ನೋಟೀಸು ಬಂದಾಗ ಕಳೆದುದು ಮೂವತ್ತು ಮೂವತ್ತೈದು ವರ್ಷ ಮಾತ್ರ. ಕನ್ನಡದಲ್ಲಿ ‘ಒಕ್ಕಲೆಬ್ಬಿಸುವುದು’ ಎಂಬ ಮಾತೊಂದಿದೆ. ಹಿಂದಿನವರಿಗೆ ಅದು ಒಡೆಯನಿಂದ ಬರುವ ಭಯದ ಹೆಸರು. ಮಕ್ಕಳ ಕಾಲಕ್ಕೆ ಅದೇ ಮಾತು ಸರಕಾರದ ಕಾರ್ಯಕ್ಕೂ ಸಲ್ಲುವಂತಾಯಿತು. ಒಂದೇ ಶಬ್ದವನ್ನು ಒಂದೇ ಮನೆಯಲ್ಲಿ ಎರಡು ಸಲ ಕೇಳಬೇಕಾದವರ ಮನಸ್ಸನ್ನು ವಾಚಕರು ಊಹಿಸಿಕೊಳ್ಳಬೇಕು.

ನೋವುಂಡ ಮನೆಯನ್ನು ಬಿಡುವುದು ಸುಲಭವೆಂದೂ ಸುಖವುಂಡ ಮನೆಯನ್ನು ಬಿಡುವುದು ಕಷ್ಟವೆಂದೂ ಸಾಮಾನ್ಯವಾಗಿ ತಿಳಿಯುತ್ತಾರೆ. ಅನುಭವವು ಬೇರೆಯೇ. ಅಪಮಾನವನ್ನು ಸಹಿಸಿ ಉಳಿಸಿಕೊಂಡ ಗದ್ದೆ, ತಾಯಿ ಕೊನೆಯುಸಿರೆಳೆದ ಕೋಣೆ, ಅಣ್ಣತಮ್ಮಂದಿರು ಪಾಲಿನ ದಿನ ಮಾತು ಬಿಟ್ಟ ಜಗಲಿ—ಇವುಗಳೇ ಮನುಷ್ಯನನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ. ಸುಖದ ನೆನಪನ್ನು ಎಲ್ಲಿ ಕುಳಿತಾದರೂ ಹೇಳಿಕೊಳ್ಳಬಹುದು, ಕೇಳುವವರೂ ಸಿಗುತ್ತಾರೆ. ದುಃಖದ ನೆನಪಿಗೆ ಸಾಕ್ಷಿಯಾಗಿ ನಿಂತಿರುವುದು ಆ ಗೋಡೆಯೊಂದೇ. ಗೋಡೆಯು ಉರುಳಿದರೆ ತಾನು ಪಟ್ಟುದು ನಿಜವೆನ್ನಲು ಯಾರೂ ಉಳಿಯಲಿಲ್ಲವೆಂಬ ಭಾವವು ಮೂಡುತ್ತದೆ. ಮನೆಯನ್ನು ಬಿಡುವ ಮುದುಕಿಯು ಅಳುವಾಗ ಬಳಿಯಲ್ಲಿರುವವರು, “ಈ ಮನೆಯಲ್ಲಿ ನೀವು ಪಟ್ಟ ಪಾಡು ಸಾಲದೇ ಅಜ್ಜಿ? ಹೊಸ ಮನೆಯಲ್ಲಿ ಸುಖವಾಗಿರಿ” ಎಂದು ಸಂತೈಸುವುದುಂಟು. ಒಳ್ಳೆಯ ಮನಸ್ಸಿನ ಮಾತೇ ಸರಿ. ಆದರೆ ಅವಳು ಅಳುತ್ತಿರುವುದು ಆ ಪಾಡಿಗಾಗಿಯೇ ಎಂಬುದು ಅವರಿಗೆ ತಿಳಿಯದು.

ಆಶ್ಚರ್ಯವೆಂದರೆ ಇದನ್ನು ಕಾನೂನು ಒಂದಿಷ್ಟು ತಿಳಿದುಕೊಂಡಿದೆ. 1894ರ ಭೂಸ್ವಾಧೀನ ಕಾನೂನು ನೆಲದ ಬೆಲೆಯನ್ನು ಕಟ್ಟಿದ ಮೇಲೆ, ಒಪ್ಪಿಗೆಯಿಲ್ಲದೆ ತೆಗೆದುಕೊಂಡುದಕ್ಕೆ ಸಮಾಧಾನದ ಹಣವೆಂದು ನೂರಕ್ಕೆ 15ರಷ್ಟನ್ನು ಸೇರಿಸಿ ಕೊಡಬೇಕೆಂದಿತು. 1984ರಲ್ಲಿ ಅದು 30 ಆಯಿತು. 2013ರ ಹೊಸ ಕಾನೂನಿನಲ್ಲಿ 100 ಆಯಿತು. ಮನೆಯ ಅಳತೆ, ಬಾವಿಯ ಆಳ, ತೆಂಗು ಹಲಸುಗಳ ಸಂಖ್ಯೆ ಎಲ್ಲವನ್ನೂ ಕೂಡಿಸಿದ ಮೇಲೂ ಏನೋ ಒಂದು ಉಳಿಯುತ್ತದೆಂದು ಶಾಸನವೇ ಒಪ್ಪಿದಂತಾಯಿತು. ಆದರೆ ಅದನ್ನು ನೆಲದ ಬೆಲೆಯ ಮೇಲಿನ ಶೇಕಡಾ ಲೆಕ್ಕದಲ್ಲಿಯೇ ಅಳೆಯಲಾಗುತ್ತದೆ. ಹೆಚ್ಚು ನೆಲವಿದ್ದವನ ದುಃಖ ಹೆಚ್ಚು, ಕಡಮೆ ನೆಲವಿದ್ದವನ ದುಃಖ ಕಡಮೆ! ಪರರ ಹಿತ್ತಿಲಲ್ಲಿ ಗುಡಿಸಲು ಕಟ್ಟಿ ಬಾಳಿದ ಕೂಲಿಯವನಿಗೆ ನೆಲದ ಬೆಲೆಯೇ ಇಲ್ಲವಾದುದರಿಂದ ಅದರ ಮೇಲಿನ ಸಮಾಧಾನವೂ ಇಲ್ಲ.

ಇಂಥ ಸಂದರ್ಭದಲ್ಲಿ ಸ್ಥಾವರ–ಜಂಗಮದ ಉಪದೇಶವನ್ನು ತಪ್ಪಾಗಿ ಬಳಸುವ ಅಪಾಯವಿದೆ. ಮನೆಯೆಂಬುದು ಮಣ್ಣು ಕಲ್ಲುಗಳ ರಾಶಿ, ಅಳಿಯತಕ್ಕದ್ದು ಅಳಿಯಿತು, ಅದಕ್ಕಾಗಿ ಏಕೆ ಅಳಬೇಕು ಎಂದು ಹೊರಡುವವನಿಗೆ ಬೋಧಿಸುವುದು ಸುಲಭ. ಆದರೆ ಆ ವಚನದಲ್ಲಿ ಮಾತನಾಡುತ್ತಿರುವವನು ಯಾರು ಎಂಬುದನ್ನು ನೋಡಬೇಕು. ಅಲ್ಲಿ ಬಡವನಾದ ಭಕ್ತನು ತನ್ನ ಬಡತನವನ್ನು ತಾನೇ ಹೇಳಿಕೊಂಡು, ದೇಗುಲವನ್ನು ಕಟ್ಟಿಸಬಲ್ಲ ಉಳ್ಳವರ ಎದುರು ತನ್ನ ದೇಹವನ್ನೇ ದೇಗುಲವೆಂದು ಎತ್ತಿ ತೋರಿಸುತ್ತಾನೆ. ಅದು ಇಲ್ಲದವನು ಉಳ್ಳವರಿಗೆ ಹೇಳಿದ ಮಾತು. ಉಳ್ಳವರು ಇಲ್ಲದವನಿಗೆ ಹೇಳತಕ್ಕ ಮಾತಲ್ಲ. ವೈರಾಗ್ಯವನ್ನು ಬಿಡುವವನು ತನಗೆ ತಾನೇ ಹೇಳಿಕೊಳ್ಳಬಹುದು. ಬಿಡಿಸುವವನ ಬಾಯಲ್ಲಿ ಅದು ವೈರಾಗ್ಯವಾಗಿ ಉಳಿಯುವುದಿಲ್ಲ.

ಸ್ವತಃ ಬಸವಣ್ಣನವರ ಚರಿತ್ರೆಯಲ್ಲಿ ಎರಡು ಅಗಲಿಕೆಗಳಿವೆ. ಅವನ್ನು ಒಟ್ಟಿಗೆ ಓದುವುದು ಅವಶ್ಯ. ಹರಿಹರನ ಬಸವರಾಜದೇವರ ರಗಳೆಯ ಪ್ರಕಾರ ಅವರು ಎಳವೆಯಲ್ಲಿಯೇ ತಾಯ್ತಂದೆಗಳನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ಬಾಗೇವಾಡಿಯ ಆ ಮನೆಯನ್ನು ಬಿಡುವಾಗ ಜನಿವಾರವನ್ನು ಕಿತ್ತೊಗೆದು, ಕಪ್ಪಡಿಸಂಗಮದ ದಾರಿ ಹಿಡಿದು, ಹಿಂದಿರುಗಿ ನೋಡದೆ ನಡೆದರು. ಇಷ್ಟನ್ನೇ ಓದಿದವರು ಶರಣರಿಗೆ ಮನೆಯ ಮಮತೆಯೇ ಇರಲಿಲ್ಲವೆಂದುಕೊಳ್ಳುವರು. ಮುಂದೆ ಏನಾಯಿತು? ಸಂಗಮದಲ್ಲಿ ದೇವರ ಸೇವೆಯಲ್ಲಿದ್ದವರಿಗೆ, ಮಂಗಳವಾಡಕ್ಕೆ ಹೋಗೆಂದು ಕನಸಿನಲ್ಲಿ ಸಂಗಮನಾಥನ ಅಪ್ಪಣೆಯಾಗುತ್ತದೆ. ಆಗ ಬಾಗೇವಾಡಿಯನ್ನು ಅಷ್ಟು ದೃಢವಾಗಿ ತೊರೆದ ಅದೇ ಬಸವಣ್ಣನವರು ಕುಗ್ಗಿ ದುಃಖಿಸುತ್ತಾರೆ. ತನ್ನನ್ನು ಅಗಲಿಸಬೇಡವೆಂದು ಬೇಡುತ್ತಾರೆ. ಅಳಬೇಡ, ಸಂಗಮವೂ ಒಂದು ಕಲ್ಲಿನ ಗುಡಿಯೇ ತಾನೆ ಎಂದು ದೇವರು ಅವರಿಗೆ ತತ್ತ್ವವನ್ನು ಬೋಧಿಸಲಿಲ್ಲ. ನಂದಿಯ ಬಾಯಿಂದ ಲಿಂಗವಾಗಿ ಮೂಡಿ ಅವರ ಅಂಗೈಗೆ ಬಂದನು. ಸ್ಥಾವರವು ಜಂಗಮವಾದುದು ಇಲ್ಲಿ. ಅದು ಆದುದು ಕಣ್ಣೀರಿನ ನಡುವೆ.

ಅಂಗೈಯಲ್ಲಿ ಹಿಡಿದು ಒಯ್ಯಬಹುದಾದ ದೇವರನ್ನು ಪಡೆದವರು ಅದನ್ನು ಪಡೆಯದವರನ್ನು ಕಿರಿದಾಗಿ ಕಾಣಬಾರದು. ತುಳುವರ ನಂಬಿಕೆಯಲ್ಲಿ ನಾಗನು ನೆಲದವನು. ಮೂಲಸ್ಥಾನವನ್ನು ಕದಲಿಸಲು ಮನಸ್ಸು ಬರುವುದಿಲ್ಲ. ದೈವಗಳನ್ನು ಪ್ರಶ್ನೆಯಿಟ್ಟು, ಅಪ್ಪಣೆ ಕೇಳಿ, ಬೇರೆಡೆಗೆ ಒಯ್ದು ಪ್ರತಿಷ್ಠೆ ಮಾಡುವ ಕ್ರಮವುಂಟಾದರೂ ಎಲ್ಲ ಮನೆಗಳಿಗೂ ಅದು ಒಪ್ಪಿಗೆಯಾಗುವುದಿಲ್ಲ. ಬಜಪೆಯ ನೆಲ್ಲಿದಡಿಗುತ್ತು ಇದಕ್ಕೆ ಉದಾಹರಣೆ. ಕಾಂತೇರಿ ಜುಮಾದಿ ದೈವದ ಸ್ಥಾನವಾದ ಈ ಗುತ್ತು ವಿಶೇಷ ಆರ್ಥಿಕ ವಲಯದ ನಡುವೆಯೇ ಉಳಿದುಕೊಂಡಿತು. ಸುತ್ತಲಿನ ಮನೆಗಳು ಹೋಗಿ ಕಾರ್ಖಾನೆಗಳು ಬಂದವು. ದೈವಸ್ಥಾನಕ್ಕೆ ಹೋಗಿಬರುವ ದಾರಿಯ ವಿಚಾರವು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳವರೆಗೂ ಬಂದಿತು. ಉಳಿದವರ ಪಾಡೂ ಹೊರಟವರ ಪಾಡಿಗಿಂತ ಹಗುರವಲ್ಲ: ಮನೆಯು ಇದ್ದಲ್ಲಿಯೇ ಇದೆ, ಊರು ಎದ್ದುಹೋಗಿದೆ.

ಇನ್ನು ತಾವೇ ಬಯಸಿ ಮನೆಯನ್ನು ಬಿಟ್ಟವರ ವಿಚಾರ. ನೋವಿನ ನೆನಪುಗಳಿಂದ ಪಾರಾಗಲೆಂದೇ ಊರು ಬಿಟ್ಟವರು ಬಜಪೆಯಲ್ಲಿಯೂ ಇದ್ದಾರೆ, ಎಲ್ಲೆಲ್ಲಿಯೂ ಇದ್ದಾರೆ. ಇವರಿಗೆ ಅಕ್ಕಮಹಾದೇವಿಯವರ ಚರಿತ್ರೆಯು ಹತ್ತಿರವಾದುದು. ಉಡುತಡಿಯನ್ನೂ ಕೌಶಿಕನ ಅರಮನೆಯನ್ನೂ ತೊರೆದು ಹೊರಟೊಡನೆ ಎಲ್ಲವೂ ಮುಗಿಯಿತೆಂದು ಚರಿತ್ರಕಾರರು ಬರೆಯಲಿಲ್ಲ. ಹರಿಹರನ ರಗಳೆಯಲ್ಲಿ ಬಿಟ್ಟುಬಂದ ತಾಯ್ತಂದೆಗಳೂ ಕೌಶಿಕನೂ ಶ್ರೀಶೈಲದವರೆಗೆ ಬಂದು ಎದುರು ನಿಲ್ಲುತ್ತಾರೆ. ಶೂನ್ಯಸಂಪಾದನೆಯಲ್ಲಿ ಕಲ್ಯಾಣವನ್ನು ಮುಟ್ಟಿದಾಗ ಅಲ್ಲಮಪ್ರಭುಗಳು ಬಿಟ್ಟುಬಂದ ಗಂಡನ ಮಾತನ್ನೇ ಎತ್ತುತ್ತಾರೆ, ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡುದು ಏಕೆಂದು ಕೇಳುತ್ತಾರೆ. ಪ್ರಶ್ನೆಯು ಕಠಿಣವಾದುದು; ಇಂದಿನ ಓದುಗರಲ್ಲಿ ಕೆಲವರಿಗೆ ಅದು ಕ್ರೂರವೆಂದೂ ತೋರಬಹುದು. ಆದರೆ ಅಕ್ಕನವರು ನೆನಪನ್ನು ಅಡಗಿಸುವುದಿಲ್ಲ, ಅದರಿಂದ ಓಡುವುದೂ ಇಲ್ಲ. ಸಭೆಯ ನಡುವೆ ನಿಂತು ತಮ್ಮ ಮಾತಿನಲ್ಲಿಯೇ ಉತ್ತರಿಸುತ್ತಾರೆ. ಆ ಉತ್ತರಕ್ಕೆ ಕಿವಿಗೊಡುವ ಶರಣರ ಗೋಷ್ಠಿಯೊಂದು ಅಲ್ಲಿತ್ತು ಎಂಬುದೇ ವಿಶೇಷ. ಹೊಸ ನಿವೇಶನದಲ್ಲಿ ಗೋಡೆ, ನಲ್ಲಿ, ದೀಪ ಎಲ್ಲವೂ ಇದ್ದು, ಹಳೆಯ ಮನೆಯ ದುಃಖವನ್ನು ಹೇಳಿದಾಗ “ಅದೆಲ್ಲ ಈಗೇಕೆ?” ಎನ್ನದೆ ಕೇಳಿಸಿಕೊಳ್ಳುವವರು ಇಲ್ಲವಾದರೆ ಅದು ಇನ್ನೂ ಮನೆಯಾಗಿಲ್ಲ.

2011ರಲ್ಲಿ ಉಳಿದುಕೊಂಡ ಹಳ್ಳಿಗಳ ಮಕ್ಕಳು ಕೂಡ ಇಂದು ಬಜಪೆಯ ನಿಲ್ದಾಣದಿಂದಲೇ ವಿಮಾನ ಹತ್ತಿ ದೂರದ ದೇಶಗಳಿಗೆ ಹೋಗುತ್ತಾರೆ. ಸರಕಾರವು ತೆಗೆದುಕೊಳ್ಳದ ಮನೆಗಳಲ್ಲಿಯೂ ಕೆಲವಕ್ಕೆ ಬೀಗ ಬಿದ್ದಿದೆ. ಅತ್ತ ಕಾಟಿಪಳ್ಳದಲ್ಲಿ ಪಣಂಬೂರಿನಿಂದ ಬಂದವರ ಮೊಮ್ಮಕ್ಕಳು ದೊಡ್ಡವರಾಗಿದ್ದಾರೆ. ಅಜ್ಜನಿಗೆ ಬಿಟ್ಟುಬಂದ ಮನೆ ಕಡಲಿನ ಕಡೆಗಿತ್ತು. ಈ ಮಕ್ಕಳಿಗೆ ಹುಟ್ಟಿದ ಮನೆಯೆಂದರೆ ಕಾಟಿಪಳ್ಳದ್ದೇ.