ನೀಲಗಿರಿಯ ಗಂಟು ಕಣಜ: ಜೀವನ ಚರಿತ್ರೆ ಮತ್ತು ಹತೋಟಿ

ಗ್ರಂಧಿಗೆ ಅಂಗಡಿಯಲ್ಲಿ ದೊರೆಯುವ ಮಾಚಿಕಾಯಿಯನ್ನು ನಮ್ಮ ರೈತರು ಬಲ್ಲರು. ಹೆಸರು ಕಾಯಿ ಎಂದಿದ್ದರೂ ಅದು ಕಾಯಿಯಲ್ಲ. ಪಶ್ಚಿಮ ಏಷ್ಯಾದ ಒಂದು ಜಾತಿಯ ಓಕ್ ಮರದಲ್ಲಿ ಸಣ್ಣ ಕಣಜವೊಂದು ಮೊಟ್ಟೆಯಿಟ್ಟಾಗ ಆ ಮರವೇ ಬೆಳೆಸುವ ಗಂಟು ಅದು. ಕೆಲವು ಮಾಚಿಕಾಯಿಗಳ ಮೇಲೆ ಕಾಣುವ ದುಂಡನೆಯ ತೂತು, ಒಳಗೆ ಬೆಳೆದ ಕಣಜ ಹೊರಬಿದ್ದ ದಾರಿ. ಇದೇ ರೀತಿ ಗಂಟು ಕಟ್ಟಿಸುವ, ಆದರೆ ಬೇರೆ ಕುಟುಂಬಕ್ಕೆ ಸೇರಿದ ಕಣಜವೊಂದು ನಮ್ಮ ನೀಲಗಿರಿ ತೋಪುಗಳಿಗೆ ಪಿಡುಗಾಗಿದೆ.

ಲೆಪ್ಟೊಸೈಬ್ ಇನ್ವೇಸಾ ಎಂಬ ಈ ಕೀಟದ ತವರು, ನೀಲಗಿರಿಯ ತವರಾದ ಆಸ್ಟ್ರೇಲಿಯವೇ. 2000ರಲ್ಲಿ ಇಸ್ರೇಲಿನಲ್ಲಿ ಇದರ ಹಾವಳಿ ಗಮನಕ್ಕೆ ಬಂದಿತು. 2004ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಭಾರತದಲ್ಲಿ ಇದು ಮೊದಲು ಕಂಡುಬಂದದ್ದು 2001ರಲ್ಲಿ, ಮಂಡ್ಯ ಜಿಲ್ಲೆಯಲ್ಲಿ. ಕೆಲವೇ ವರ್ಷಗಳಲ್ಲಿ ದಕ್ಷಿಣದ ಇತರ ರಾಜ್ಯಗಳಿಗೂ ಹರಡಿತು.

ಹಾನಿಯ ಲಕ್ಷಣಗಳು

ಎಳೆಯ ಎಲೆಯ ನಡುನರ, ಎಲೆತೊಟ್ಟು ಮತ್ತು ಎಳೆಯ ಕಡ್ಡಿಗಳ ಮೇಲೆ ಉಬ್ಬಿದ ಗಂಟುಗಳು ಕಾಣಿಸುತ್ತವೆ. ಎಲೆ ಮುದುಡುತ್ತದೆ, ಚಿಗುರು ಬಾಗುತ್ತದೆ, ಬಾಧೆ ಹೆಚ್ಚಾದರೆ ತುದಿ ಒಣಗುತ್ತದೆ. ಬಲಿತ ಮರಗಳು ಇದನ್ನು ತಾಳಿಕೊಳ್ಳುತ್ತವೆ. ನಿಜವಾದ ನಷ್ಟವಾಗುವುದು ನರ್ಸರಿಯ ಸಸಿಗಳಿಗೆ, ಎಳೆಯ ಗಿಡಗಳಿಗೆ ಮತ್ತು ಕಟಾವಿನ ನಂತರ ಬುಡದಿಂದ ಬರುವ ಕೂಳೆ ಚಿಗುರಿಗೆ. ಇಂಥವು ಬೆಳವಣಿಗೆ ಕುಂಠಿತವಾಗಿ ಪೊದೆಯಂತಾಗುತ್ತವೆ.

ಜೀವನ ಚರಿತ್ರೆ

ಪ್ರೌಢ ಹೆಣ್ಣು ಕಣಜದ ಉದ್ದ 1.1ರಿಂದ 1.4 ಮಿ.ಮೀ. ಮಾತ್ರ. ಮೈ ಕಂದು ಬಣ್ಣದ್ದು, ಮೇಲೆ ನೀಲಿ-ಹಸಿರು ಹೊಳಪು. ಇದು ಗಂಡಿನ ಸಂಪರ್ಕವಿಲ್ಲದೆಯೇ ಸಂತಾನ ಬೆಳೆಸಬಲ್ಲದು, ಗಂಡುಗಳು ಅಪರೂಪ. ಆದ್ದರಿಂದ ಒಂದೇ ಒಂದು ಹೆಣ್ಣು ಹೊಸ ಊರನ್ನು ಸೇರಿದರೂ ಅಲ್ಲಿ ಸಂತತಿ ಆರಂಭವಾಗಬಹುದು.

ಹೆಣ್ಣು ತನ್ನ ಮೊಟ್ಟೆಗಳನ್ನು ಎಳೆಯ ಚಿಗುರಿನ ಹೊರಪೊರೆಯ ಕೆಳಗೆ ತೂರಿಸಿಡುತ್ತದೆ. ಒಂದೆರಡು ವಾರಗಳಲ್ಲಿ ಆ ಜಾಗದಲ್ಲಿ ಬಿರಟೆಯಂಥ ಕಲೆ ಮೂಡುತ್ತದೆ. ನಂತರ ಸುತ್ತಲಿನ ಜೀವಕೋಶಗಳು ಅತಿಯಾಗಿ ಬೆಳೆದು ಗಂಟಾಗುತ್ತದೆ. ಗಂಟು ಮೊದಲು ಹಸಿರಾಗಿ ಹೊಳೆಯುತ್ತದೆ, ಬಳಿಕ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಹೊಳಪು ಕಳೆದು ಕೆಂಪಾಗುತ್ತದೆ.

ಒಳಗೆ ಪ್ರತಿಯೊಂದು ಮರಿಹುಳುವಿಗೂ ಒಂದೊಂದು ಪ್ರತ್ಯೇಕ ಗೂಡು. ಹುಳು ಬಿಳಿಯದು, ಕಾಲಿಲ್ಲದ್ದು. ಅದು ಆಹಾರ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಗೂಡಿನ ಸುತ್ತಲಿನ ಮೃದು ಅಂಗಾಂಶವೇ ಅದರ ಆಹಾರ. ಚಿಗುರಿಗೆ ಸಲ್ಲಬೇಕಾದ ಸಾರವೆಲ್ಲ ಗಂಟಿನ ಪಾಲಾಗುವುದರಿಂದಲೇ ಗಿಡ ಕುಗ್ಗುತ್ತದೆ. ಹುಳು ಅಲ್ಲಿಯೇ ಕೋಶಾವಸ್ಥೆ ಕಳೆದು, ಪ್ರೌಢ ಕೀಟವಾಗಿ, ದುಂಡನೆಯ ತೂತು ಕೊರೆದು ಹೊರಬರುತ್ತದೆ.

ಇಸ್ರೇಲಿನ ಅಧ್ಯಯನದಲ್ಲಿ ಮೊಟ್ಟೆಯಿಂದ ಪ್ರೌಢ ಕೀಟದವರೆಗೆ ಸುಮಾರು 130 ದಿನಗಳು ಹಿಡಿದಿವೆ. ಹೊರಬಂದ ಕಣಜವಾದರೋ ಬದುಕುವುದು ಕೆಲವೇ ದಿನ. ಅಂದರೆ ಈ ಕೀಟದ ಆಯುಷ್ಯದ ಬಹುಪಾಲು ಗಂಟಿನೊಳಗೇ ಕಳೆಯುತ್ತದೆ. ಹತೋಟಿಯ ವಿಚಾರದಲ್ಲಿ ರೈತರು ಮುಖ್ಯವಾಗಿ ನೆನಪಿಡಬೇಕಾದ ಅಂಶ ಇದು. ಗಂಟು ಕಂಡ ಮೇಲೆ ಎಲೆಯ ಮೇಲೆ ಸಿಂಪಡಿಸಿದ ಸ್ಪರ್ಶ ಕೀಟನಾಶಕ ಒಳಗಿನ ಹುಳುವಿಗೆ ತಾಗುವುದಿಲ್ಲ. ಔಷಧಿಯ ಹಣ ವ್ಯರ್ಥವಾಗುವುದಲ್ಲದೆ, ಹೊರಗೆ ಹಾರಾಡುವ ಉಪಕಾರಿ ಕೀಟಗಳು ಸಾಯುತ್ತವೆ.

ಸ್ವಾಭಾವಿಕ ಶತ್ರುಗಳು

ಗಂಟಿನಿಂದ ಹೊರಬರುವ ಕಣಜಗಳೆಲ್ಲ ಪೀಡೆಯಲ್ಲ. ಗಂಟಿನೊಳಗಿನ ಹುಳುವನ್ನೇ ತಿಂದು ಬೆಳೆಯುವ ಪರಾವಲಂಬಿ ಕಣಜಗಳೂ ಉಂಟು. ಧಾರವಾಡದ ಹೆಸರು ಹೊತ್ತ ಮೆಗಾಸ್ಟಿಗ್ಮಸ್ ಧಾರ್ವಾಡಿಕಸ್ ಅಂಥದೊಂದು. ಇಸ್ರೇಲಿನಿಂದ ತರಿಸಿದ ಕ್ವಾಡ್ರಾಸ್ಟಿಕಸ್ ಮೆಂಡೆಲಿ ಎಂಬ ಪರಾವಲಂಬಿಯನ್ನೂ ನಮ್ಮ ದೇಶದಲ್ಲಿ ಬಿಡುಗಡೆ ಮಾಡಲಾಗಿದೆ.

ತಮ್ಮ ತೋಪಿನಲ್ಲಿ ಇವು ಇವೆಯೇ ಎಂದು ತಿಳಿಯಲು ಕೆಂಪಾದ, ಆದರೆ ಇನ್ನೂ ತೂತು ಬೀಳದ ಗಂಟುಗಳಿರುವ ಕೆಲವು ಕಡ್ಡಿಗಳನ್ನು ಗಾಜಿನ ಸೀಸೆಯಲ್ಲಿಟ್ಟು, ಬಾಯಿಗೆ ದಟ್ಟ ನೇಯ್ಗೆಯ ಬಟ್ಟೆ ಕಟ್ಟಿರಿ. ಹೊರಬಂದ ಕೀಟಗಳನ್ನು ಸೀಸೆಯ ಸಮೇತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸಿರಿ. ಬರಿಗಣ್ಣಿನಿಂದ ಇವುಗಳನ್ನು ಬೇರ್ಪಡಿಸುವುದು ಕಷ್ಟ.

ಹತೋಟಿ ಕ್ರಮಗಳು

ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿಯ ಹೊಸ ನಾಟಿಯನ್ನು ನಿಷೇಧಿಸಿ ಆದೇಶ ಹೊರಡಿಸಿತು. ಹೊಸದಾಗಿ ನೆಡುವ ಯೋಚನೆಯಿದ್ದವರು ಮೊದಲು ಅರಣ್ಯ ಇಲಾಖೆಯಲ್ಲಿ ಈಗಿನ ನಿಯಮವನ್ನು ವಿಚಾರಿಸತಕ್ಕದ್ದು. ಈಗಾಗಲೇ ತೋಪು ಇರುವವರು ಈ ಕೆಳಗಿನಂತೆ ಮಾಡುವುದು ಉತ್ತಮ.

1. ಕಟಾವಾದ ಮೇಲೆ ಕೂಳೆ ಚಿಗುರನ್ನು ವಾರಕ್ಕೊಮ್ಮೆ ಪರೀಕ್ಷಿಸಿ. ಬುಡಕ್ಕೆ ಒಂದೆರಡು ಆರೋಗ್ಯವಂತ ಚಿಗುರುಗಳನ್ನು ಉಳಿಸಿ, ಗಂಟು ಕಟ್ಟಿದ ಉಳಿದವನ್ನು ತೆಗೆಯಿರಿ.

2. ತೆಗೆದ ಕಡ್ಡಿಗಳನ್ನು ಗಂಟು ಹಸಿರಾಗಿರುವಾಗಲೇ ಸುಡಬೇಕು. ತೂತು ಬಿದ್ದ ಮೇಲೆ ಸುಟ್ಟರೆ ಬರಿದಾದ ಗೂಡನ್ನು ಸುಟ್ಟಂತೆ.

3. ಗಂಟಿರುವ ಸಸಿ ಅಥವಾ ಹಸಿ ಸೊಪ್ಪನ್ನು ಊರಿಂದೂರಿಗೆ ಸಾಗಿಸಬೇಡಿ.

4. ಎಲ್ಲ ಜಾತಿಗಳೂ ಒಂದೇ ರೀತಿ ಬಾಧೆಗೊಳಗಾಗುವುದಿಲ್ಲ. ಮೈಸೂರು ಗಮ್ ಎಂದು ಹೆಸರಾದ ಟೆರೆಟಿಕಾರ್ನಿಸ್ ಮತ್ತು ಕ್ಯಾಮಾಲ್ಡುಲೆನ್ಸಿಸ್ ಜಾತಿಗಳಿಗೆ ಬಾಧೆ ಹೆಚ್ಚು. ಆದರೂ ಅದೇ ತೋಪಿನಲ್ಲಿ ಗಂಟಿಲ್ಲದೆ ನಿಂತ ಗಿಡಗಳಿರುತ್ತವೆ. ಅವನ್ನು ಗುರುತು ಮಾಡಿ ತಜ್ಞರಿಗೆ ತಿಳಿಸಿರಿ.

5. ಬೆಳೆದ ತೋಪಿಗೆ ಕೀಟನಾಶಕ ಸಿಂಪಡಿಸಬೇಡಿ. ಅಲ್ಲಿ ಪರಾವಲಂಬಿಗಳು ತಮ್ಮ ಕೆಲಸ ಮಾಡಲಿ.