ಕಂಪೈಲರ್ ನಿಮ್ಮ ಅಸೆಂಬ್ಲಿಯನ್ನು ಓದುವುದಿಲ್ಲ

ಡಬ್ಲ್ಯುಎಸ್2812 ಬಣ್ಣದ ಎಲ್‌ಇಡಿ ಪಟ್ಟಿಗೆ ಒಂದು ಬಿಟ್ ಕಳಿಸಲು ಸಿಗುವ ಸಮಯ 1.25 ಮೈಕ್ರೋಸೆಕೆಂಡ್. ಆರ್ಡುಯಿನೋ ಊನೋ ಬೋರ್ಡಿನ ಎಟಿಮೆಗಾ328ಪಿ ಎಂಬ ಎವಿಆರ್ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅಂದರೆ ಬಿಟ್ಟಿಗೆ 20 ಕ್ಲಾಕ್, ಅಷ್ಟೆ. ಇಂಥ ಕಡೆ ಸಿ ಕೋಡಿನ ನಡುವೆ ನಾಲ್ಕು ಸಾಲು ಅಸೆಂಬ್ಲಿ ಬರೆಯದೆ ಗತಿಯಿಲ್ಲ. ಬರೆದ ಮೇಲೆ ಆಗುವ ಎಡವಟ್ಟುಗಳ ಬೇರು ಹೆಚ್ಚೂಕಡಿಮೆ ಒಂದೇ. ಉದ್ಧರಣ ಚಿಹ್ನೆಯೊಳಗಿನ ಸೂಚನೆಗಳ ಅರ್ಥ ಜಿಸಿಸಿ ಕಂಪೈಲರ್‌ಗೆ ಗೊತ್ತಿಲ್ಲ. ಪರ್ಸೆಂಟ್ ಚಿಹ್ನೆ ಕಂಡಲ್ಲಿ ರಿಜಿಸ್ಟರಿನ ಹೆಸರು ತುಂಬಿ, ಮಿಕ್ಕದ್ದನ್ನು ಹಾಗೇ ಅಸೆಂಬ್ಲರ್ ಕೈಗೆ ದಾಟಿಸುತ್ತದೆ. ಏನು ಒಳಬರುತ್ತದೆ, ಏನು ಹೊರಹೋಗುತ್ತದೆ, ಏನು ಕೆಡುತ್ತದೆ ಎಂದು ಕೋಲನ್‌ಗಳ ಆಚೆ ನೀವು ಬರೆದುಕೊಟ್ಟ ಕರಾರನ್ನು ಮಾತ್ರ ಅದು ನಂಬುತ್ತದೆ.

1. ಮೊದಲು ಕೈ ಕಟ್ಟಿ ಕುಳಿತು ನೋಡಿ. ಪೋರ್ಟಿನ ಒಂದು ಬಿಟ್ಟನ್ನು ಸಿ ಭಾಷೆಯಲ್ಲೇ ಏರಿಸಿ, ಆಪ್ಟಿಮೈಸೇಶನ್ ಹಾಕಿ ಕಂಪೈಲ್ ಮಾಡಿದರೆ ಎಸ್‌ಬಿಐ ಎಂಬ ಒಂದೇ ಸೂಚನೆ ಬರುತ್ತದೆ, 2 ಕ್ಲಾಕ್. ನೀವು ಕೈಯಾರೆ ಬರೆದರೂ ಅದೇ. ನಿಧಾನ ಇರುವುದು ಆರ್ಡುಯಿನೋದ ಡಿಜಿಟಲ್‌ರೈಟ್ ಫಂಕ್ಷನ್‌ನಲ್ಲಿ. ಆ ಸಿಟ್ಟನ್ನು ಕಂಪೈಲರ್ ಮೇಲೆ ತೀರಿಸಿಕೊಳ್ಳಬೇಡಿ.

2. ಅಸೆಂಬ್ಲಿ ತುಣುಕಿಗೆ ವೊಲಟೈಲ್ ಎಂಬ ಪದ ಹಾಕಿ. ಔಟ್‌ಪುಟ್ ಇರುವ ಅಸೆಂಬ್ಲಿ ತುಣುಕಿನ ಫಲಿತಾಂಶವನ್ನು ಮುಂದೆ ಯಾರೂ ಬಳಸದಿದ್ದರೆ ಕಂಪೈಲರ್ ಇಡೀ ತುಣುಕನ್ನೇ ಎತ್ತಿ ಬಿಸಾಡಬಹುದು. ಲೂಪಿನೊಳಗೆ ಪ್ರತಿ ಸುತ್ತಿಗೂ ಒಂದೇ ಉತ್ತರ ಎಂದು ಅನ್ನಿಸಿದರೆ ಲೂಪಿನ ಹೊರಗಿಟ್ಟು ಒಂದೇ ಸಲ ಮಾಡಿ ಮುಗಿಸಬಹುದು. ಟೈಮರ್ ಓದುವ ತುಣುಕಿಗೆ ಹೀಗಾದರೆ ಗಡಿಯಾರ ನಿಂತಂತೆ.

3. ವೊಲಟೈಲ್ ಹಾಕಿದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಅದು ತುಣುಕನ್ನು ಉಳಿಸುತ್ತದೆ, ಬೇರೆ ವೊಲಟೈಲ್‌ಗಳ ಜೊತೆ ಸರದಿಯನ್ನೂ ಕಾಯುತ್ತದೆ. ಸಾಮಾನ್ಯ ವೇರಿಯಬಲ್‌ಗಳು ಮಾತ್ರ ಅದರ ಆಚೀಚೆ ಸರಾಗ ಓಡಾಡುತ್ತವೆ. ಇಂಟರಪ್ಟ್ ನಿಲ್ಲಿಸುವ ಸಿಎಲ್‌ಐ ಸೂಚನೆಯನ್ನು ನೀವೇ ಬರೆದು, ಏನು ಕೆಡುತ್ತದೆಂದು ಹೇಳುವ ಕ್ಲಾಬರ್ ಪಟ್ಟಿಯಲ್ಲಿ ‘ಮೆಮರಿ’ ಎಂದು ಸೇರಿಸದಿದ್ದರೆ, ಕಾಪಾಡಬೇಕಿದ್ದ ಓದೇ ಬೇಲಿ ಹಾರಿ ಹೊರಗೆ ಹೋಗಬಹುದು. 8 ಬಿಟ್ ಚಿಪ್ 16 ಬಿಟ್ ಎಣಿಕೆಯನ್ನು ಎರಡು ಸಲಕ್ಕೆ ಓದುತ್ತದೆ. ಎಣಿಕೆ 255ರಲ್ಲಿದ್ದಾಗ ಕೆಳಗಿನ ಬೈಟ್ ಓದಿ ಮುಗಿಯಿತು ಅನ್ನಿ. ಅಷ್ಟರಲ್ಲಿ ಇಂಟರಪ್ಟ್ ಬಂದು ಅದು 256 ಆಯಿತು. ಈಗ ಮೇಲಿನ ಬೈಟ್ ಓದಿದರೆ ನಿಮ್ಮ ಕೈಗೆ ಸಿಗುವುದು 511. ಎವಿಆರ್ ಲಿಬ್‌ಸಿ ಕೊಡುವ ಸಿದ್ಧ ಸಿಎಲ್‌ಐ ಮ್ಯಾಕ್ರೋದಲ್ಲಿ ಮೆಮರಿ ಕ್ಲಾಬರ್ ಮೊದಲೇ ಇದೆ, ಅದನ್ನೇ ಬಳಸಿ. ಅಟಾಮಿಕ್ ಬ್ಲಾಕ್ ಇನ್ನೂ ವಾಸಿ, ಇಂಟರಪ್ಟ್ ಮೊದಲು ಹೇಗಿತ್ತೋ ಹಾಗೆ ಮರಳಿಸುವಂತೆ ಅದಕ್ಕೆ ಹೇಳಬಹುದು. ಹಾಗಂತ ಎಲ್ಲ ತುಣುಕಿಗೂ ‘ಮೆಮರಿ’ ಎರಚಬೇಡಿ. ರಿಜಿಸ್ಟರಿನಲ್ಲಿ ಇಟ್ಟುಕೊಂಡಿದ್ದ ಬೆಲೆಗಳನ್ನು ಕಂಪೈಲರ್ ಪ್ರತಿಸಲವೂ ಮತ್ತೆ ರ‍್ಯಾಮ್‌ನಿಂದ ತರಬೇಕಾಗುತ್ತದೆ.

4. ಮೆಮರಿ ಬೇಲಿಗೂ ಒಂದು ಕಿಂಡಿ ಇದೆ. ಎವಿಆರ್ ಲಿಬ್‌ಸಿ ಕೈಪಿಡಿಯಲ್ಲೇ ಇರುವ ಉದಾಹರಣೆ ಇದು, ನನಗೆ ಇಷ್ಟವಾದದ್ದೂ ಇದೇ. 65535ನ್ನು ಒಂದು ಸಂಖ್ಯೆಯಿಂದ ಭಾಗಿಸಿ, ಇಂಟರಪ್ಟ್ ನಿಲ್ಲಿಸಿ, ಉತ್ತರವನ್ನು ಗ್ಲೋಬಲ್ ವೇರಿಯಬಲ್‌ನಲ್ಲಿಟ್ಟು, ಇಂಟರಪ್ಟ್ ಮತ್ತೆ ತೆರೆಯಿರಿ. ಭಾಗಾಕಾರ ಹೊರಗಿದೆ, ಒಳಗೆ ಇರುವುದು ಬರೀ ಎರಡು ಬೈಟ್ ಬರೆಯುವ ಕೆಲಸ ಎಂದು ನಿಮ್ಮ ಲೆಕ್ಕ. ಡಿಸ್‌ಅಸೆಂಬ್ಲಿ ತೆರೆದರೆ ಭಾಗಾಕಾರ ಸಿಎಲ್‌ಐ ದಾಟಿ ಒಳಗೆ ಬಂದು ಕುಳಿತಿರುತ್ತದೆ! ಎವಿಆರ್‌ನಲ್ಲಿ ಭಾಗಾಕಾರದ ಸೂಚನೆಯೇ ಇಲ್ಲ, ಬಿಟ್ ಬಿಟ್ಟಾಗಿ ಸುತ್ತುವ ಲೈಬ್ರರಿ ಫಂಕ್ಷನ್ ಅದು. ಅದು ಮುಗಿಯುವ ತನಕ ಇಂಟರಪ್ಟ್‌ಗಳು ಬಾಗಿಲಲ್ಲೇ ಕಾಯಬೇಕು. ಮೆಮರಿ ಕ್ಲಾಬರ್ ಏಕೆ ತಡೆಯಲಿಲ್ಲ? ಆ ಸಂಖ್ಯೆ ಮೆಮರಿಯಲ್ಲಿ ಇಲ್ಲವೇ ಇಲ್ಲ, ರಿಜಿಸ್ಟರಿನಲ್ಲಿದೆ. ನಾನು ಮಾಡುವ ಉಪಾಯ: ಸಿಎಲ್‌ಐಗೆ ಮುಂಚೆ ಏನೂ ಸೂಚನೆಯಿಲ್ಲದ ಖಾಲಿ ವೊಲಟೈಲ್ ಅಸೆಂಬ್ಲಿ ಬರೆದು, ಭಾಗಾಕಾರದ ಉತ್ತರ ಹೊತ್ತ ಸ್ಥಳೀಯ ವೇರಿಯಬಲ್ಲನ್ನು ‘ಪ್ಲಸ್ ಆರ್’ (ರಿಜಿಸ್ಟರಿನಲ್ಲಿ ಓದಿ ಬರೆಯುವಂಥದ್ದು) ಎಂದು ಅದರ ಕೈಗೆ ಕೊಡುವುದು. ಈಗ ಉತ್ತರ ಸಿದ್ಧವಾಗದೆ ಖಾಲಿ ತುಣುಕು ಮುಗಿಯದು, ಅದು ಮುಗಿಯದೆ ಸಿಎಲ್‌ಐ ಬಾರದು. ಖರ್ಚಾದ ಸೂಚನೆ ಸೊನ್ನೆ.

5. ರಿಜಿಸ್ಟರಿನ ಜಾತಿ ಸರಿಯಾಗಿ ಹೇಳಿ. ಎಲ್‌ಡಿಐ ಸೂಚನೆ 16ರಿಂದ 31ರವರೆಗಿನ ರಿಜಿಸ್ಟರುಗಳಲ್ಲಿ ಮಾತ್ರ ನಡೆಯುತ್ತದೆ. ‘ಆರ್’ ಎಂದರೆ ಯಾವುದಾದರೂ ಸರಿ, ‘ಡಿ’ ಎಂದರೆ ಈ ಮೇಲಿನ 16. ತಪ್ಪಾಗಿ ‘ಆರ್’ ಬರೆದರೂ ಅದೃಷ್ಟವಿದ್ದಷ್ಟು ದಿನ ನಡೆಯುತ್ತದೆ, ರಿಜಿಸ್ಟರ್ ಸಾಲದ ದಿನ ಅಸೆಂಬ್ಲರ್ ತಕರಾರು ತೆಗೆಯುತ್ತದೆ. ತಕರಾರು ತೆಗೆದರೆ ಪುಣ್ಯ. ಅರ್ಲಿ ಕ್ಲಾಬರ್‌ನ ಆಂಪರ್ಸಂಡ್ ಚಿಹ್ನೆ ಮರೆತರೆ ಯಾರೂ ತುಟಿ ಬಿಚ್ಚುವುದಿಲ್ಲ. ಇನ್‌ಪುಟ್‌ಗಳನ್ನೆಲ್ಲ ಓದಿದ ಮೇಲೆಯೇ ಔಟ್‌ಪುಟ್ ಬರೆಯುತ್ತೀರಿ ಎಂದುಕೊಂಡು ಕಂಪೈಲರ್ ಎರಡಕ್ಕೂ ಒಂದೇ ರಿಜಿಸ್ಟರ್ ಕೊಟ್ಟುಬಿಡಬಹುದು. ತಿಂಗಳುಗಟ್ಟಲೆ ಸರಿಯಿದ್ದ ನನ್ನದೊಂದು ತುಣುಕು, ಸಂಬಂಧವೇ ಇಲ್ಲದ ವೇರಿಯಬಲ್ ಸೇರಿಸಿದ ಸಂಜೆ ಹುಚ್ಚುಚ್ಚು ಉತ್ತರ ಕೊಡತೊಡಗಿತು. ಬೈದದ್ದು ವೈರಿಂಗನ್ನು.

6. ಗುಣಾಕಾರ ಮಾಡಿದಿರಾ, ಆರ್1 ತೊಳೆದಿಡಿ. ಮಲ್ ಸೂಚನೆಯ ಉತ್ತರ ಆರ್1, ಆರ್0 ಜೋಡಿಗೆ ಹೋಗುತ್ತದೆ. ಆದರೆ ಆರ್1ರಲ್ಲಿ ಯಾವಾಗಲೂ ಸೊನ್ನೆ ಇರುತ್ತದೆಂದು ಎವಿಆರ್ ಜಿಸಿಸಿ ನಂಬಿ ಕೂಡಿಸುತ್ತ ಹೋಗುತ್ತದೆ. ಉತ್ತರ ತೆಗೆದುಕೊಂಡು, ತುಣುಕು ಮುಗಿಯುವ ಮುನ್ನ ಅದನ್ನು ಸೊನ್ನೆ ಮಾಡಿ.

7. ಲೇಬಲ್‌ಗೆ ಹೆಸರಿಡಬೇಡಿ, ಅಂಕಿ ಇಡಿ. ಫಂಕ್ಷನ್ನನ್ನು ಕಂಪೈಲರ್ ಎರಡು ಕಡೆ ಇನ್‌ಲೈನ್ ಮಾಡಿದರೆ ಹೆಸರೂ ಎರಡಾಗಿ ಅಸೆಂಬ್ಲರ್ ಮುನಿಯುತ್ತದೆ.

8. ಕ್ಲಾಕ್ ಎಣಿಸಿದ ಕೆಲಸವೆಲ್ಲ ಒಂದೇ ತುಣುಕಿನಲ್ಲಿರಲಿ. ಅಕ್ಕಪಕ್ಕ ಬರೆದ ಎರಡು ತುಣುಕುಗಳ ನಡುವೆ ಕಂಪೈಲರ್ ತನ್ನ ಸೂಚನೆ ತೂರಿಸಲು ಅಡ್ಡಿಯಿಲ್ಲ. ಎಲ್‌ಇಡಿ ಪಟ್ಟಿಯ 20 ಕ್ಲಾಕಿನಲ್ಲಿ ಅದಕ್ಕೆ ಜಾಗವಿಲ್ಲ.

9. ಎವಿಆರ್ ಆಬ್ಜ್‌ಡಂಪ್‌ನಲ್ಲಿ ಕೊನೆಯ ಫೈಲನ್ನು ತೆರೆದು ಕಣ್ಣಾರೆ ಓದಿ, ಕಂಪೈಲರ್ ಆವೃತ್ತಿ ಬದಲಾದಾಗ ಮತ್ತೊಮ್ಮೆ ಓದಿ. ಆರ್ಡುಯಿನೋ ಲಿಂಕ್ ಮಾಡುವಾಗಲೂ ಆಪ್ಟಿಮೈಸ್ ಮಾಡುವುದರಿಂದ, ನಡುವಿನ ಆಬ್ಜೆಕ್ಟ್ ಫೈಲ್ ನೋಡಿ ತೃಪ್ತರಾದರೆ ನೋಡಿದ್ದು ಚಿಪ್ಪಿನಲ್ಲಿರುವ ಕೋಡ್ ಅಲ್ಲ.